ಪೆಟ್ಟಿಗೆಯೊಳಗೆ ಇಟ್ಟ ಷರತ್ತು: ಜಿಲ್ಲಾಧಿಕಾರಿಗಳಿಗೂ ನಮ್ಮ ಜಿಲ್ಲೆಯ ಅಂಗಡಿಯವರಿಗೂ ಒಂದು ಬಹಿರಂಗ ಪತ್ರ

ಉತ್ತರ ಕನ್ನಡದ ಮಾನ್ಯ ಜಿಲ್ಲಾಧಿಕಾರಿಗಳೇ, ಮತ್ತು ಕಾರವಾರದಿಂದ ಶಿರಸಿವರೆಗಿನ ಅಂಗಡಿಯವರೇ,

ನಮಸ್ಕಾರ.

ನಮ್ಮ ಮನೆ ಕೋಡಿಬಾಗದಲ್ಲಿದೆ. ಹತ್ತು ನಿಮಿಷ ನಡೆದರೆ ಕಾಳಿ ನದಿ ಸಮುದ್ರ ಸೇರುವ ಜಾಗ. ಇಲ್ಲಿ ಕಬ್ಬಿಣ ಬಾಳುವುದಿಲ್ಲ. ಕಿಟಕಿಯ ಸರಳಿಗೆ ಎಷ್ಟು ಸಲ ಬಣ್ಣ ಬಳಿದರೂ ಮೂಲೆಯಲ್ಲಿ ಕೆಂಪು ಕಾಣಿಸಿಕೊಳ್ಳುತ್ತದೆ. ಮಳೆಗಾಲಕ್ಕೆ ಮುಂಚೆ ಬೀಗಗಳಿಗೆಲ್ಲ ಕೊಬ್ಬರಿ ಎಣ್ಣೆ ಬಿಡದಿದ್ದರೆ ಆಗಸ್ಟ್ ಹೊತ್ತಿಗೆ ಕೀಲಿ ತಿರುಗುವುದಿಲ್ಲ. ಇದು ಇಲ್ಲಿ ಹುಟ್ಟಿದ ಮಗುವಿಗೂ ಗೊತ್ತು.

ಹಾಗಾಗಿ ಒಂದೂವರೆ ವರ್ಷದ ಹಿಂದೆ ಫ್ರಿಜ್ ಕೊಳ್ಳಲು ಹೋದಾಗ ನಾನು ಕಂಪನಿ ಹೆಸರು ಕೇಳಲಿಲ್ಲ, ಬಣ್ಣ ಕೇಳಲಿಲ್ಲ. ಅಂಗಡಿಯವರಿಗೆ ಹೇಳಿದ್ದು ಒಂದೇ ಮಾತು: "ನಮ್ಮದು ಸಮುದ್ರದ ಹತ್ತಿರದ ಮನೆ. ಉಪ್ಪು ಗಾಳಿ ತಡೆಯುವುದು ಯಾವುದಿದೆಯೋ ಅದನ್ನೇ ತೋರಿಸಿ." ಅವರು ಎರಡು ಬಿಟ್ಟು ಮೂರನೆಯದರ ಮೇಲೆ ಕೈಯಿಟ್ಟರು. "ಇದು ತಗೊಳ್ಳಿ ಅಕ್ಕಾ, ಹತ್ತು ವರ್ಷ ಚಿಂತೆ ಇಲ್ಲ" ಅಂದರು. ನಂಬಿದೆ. ದುಡ್ಡು ಕೊಟ್ಟೆ, ಬಿಲ್ ತೆಗೆದುಕೊಂಡೆ. ಸಂಜೆ ಟೆಂಪೋದಲ್ಲಿ ಪೆಟ್ಟಿಗೆ ಬಂತು.

ಒಂಬತ್ತನೇ ತಿಂಗಳಿಗೆ ಫ್ರಿಜ್ ತಣ್ಣಗಾಗುವುದು ನಿಂತಿತು. ರಾತ್ರಿ ಇಟ್ಟ ಇಡ್ಲಿ ಹಿಟ್ಟು ಬೆಳಿಗ್ಗೆ ಪಾತ್ರೆ ಮೀರಿ ಉಕ್ಕಿತ್ತು. ರಿಪೇರಿಯ ಹುಡುಗ ಬಂದು ಫ್ರಿಜ್ ತಿರುಗಿಸಿ ಹಿಂದುಗಡೆಯ ಸಣ್ಣ ಪೈಪಿನ ಮೇಲೆ ಬೆರಳು ಎಳೆದ. ಬೆರಳ ತುದಿಯಲ್ಲಿ ಕೆಂಪು ಪುಡಿ. ಪೈಪು ತೂತಾಗಿ ಗ್ಯಾಸು ಹೋಗಿತ್ತು. "ಕಂಪ್ರೆಸರ್‌ಗೆ ಹತ್ತು ವರ್ಷ ವಾರಂಟಿ ಉಂಟು. ಆದ್ರೆ ಇದು ತುಕ್ಕು. ತುಕ್ಕಿಗೆ ವಾರಂಟಿ ಇಲ್ಲ" ಅಂದ. ಒಂದು ವರ್ಷದ ಪೂರ್ತಿ ವಾರಂಟಿಗೆ ಇನ್ನೂ ಮೂರು ತಿಂಗಳು ಬಾಕಿ ಇದೆಯಲ್ಲ ಅಂದೆ. ಅವನು ಪಾಪ, ನನ್ನದೇ ಕಾರ್ಡು ತೆಗೆಸಿ 7ನೇ ಸಾಲು ತೋರಿಸಿದ.

ಆ ಸಾಲು ಇಂಗ್ಲಿಷಿನಲ್ಲಿದೆ. ಅಕ್ಷರ ಸಾಸಿವೆ ಕಾಳಿಗಿಂತ ಸಣ್ಣದು. ಕನ್ನಡದಲ್ಲಿ ಹೇಳುವುದಾದರೆ ಹೀಗೆ: ಕರಾವಳಿಯ ಉಪ್ಪು ಗಾಳಿ, ತೇವ, ಇಲಿ ಮತ್ತು ಹುಳ, ಸಿಡಿಲು, ಕರೆಂಟಿನ ಏರಿಳಿತ, ಇವುಗಳಿಂದಾದ ಹಾನಿಗೆ ಕಂಪನಿ ಜವಾಬ್ದಾರಿ ಅಲ್ಲ.

ಸ್ವಲ್ಪ ನಿಂತು ಈ ಸಾಲನ್ನು ನಮ್ಮ ಜಿಲ್ಲೆಯ ಮೇಲೆ ಇಟ್ಟು ನೋಡಿ. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ, ಈ ಐದೂ ತಾಲೂಕು ಉಪ್ಪು ಗಾಳಿಯಲ್ಲೇ ಉಸಿರಾಡುತ್ತವೆ. ಘಟ್ಟದ ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲಿ ಉಪ್ಪಿಲ್ಲ, ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುತ್ತದೆ. ಮೊದಲ ಮಳೆಯ ಸಿಡಿಲಿಗೆ ಹೆದರಿ ಪ್ಲಗ್ ಕಿತ್ತಿಡುವುದು ನಮ್ಮ ತವರಿನಲ್ಲಿ ಇಂದಿಗೂ ರೂಢಿ. ಅಡಿಕೆ ಅಟ್ಟದ ಮನೆಯಲ್ಲಿ ಇಲಿ ಇಲ್ಲದೆ ಇರುತ್ತದೆಯೇ? ಅಂದರೆ ನಮ್ಮೂರಲ್ಲಿ ಒಂದು ಯಂತ್ರ ಯಾವ ಕಾರಣಕ್ಕೆ ಹಾಳಾಗುತ್ತದೋ ಆ ಕಾರಣಗಳನ್ನೆಲ್ಲ ಆರಿಸಿ ಹೊರಗಿಟ್ಟಿದ್ದಾರೆ. ಆಮೇಲೆ ಉಳಿದದ್ದಕ್ಕೆ ವಾರಂಟಿ ಅಂತ ಹೆಸರಿಟ್ಟಿದ್ದಾರೆ. ಬಳ್ಳಾರಿಯಲ್ಲಿ ಈ ಕಾರ್ಡಿಗೆ ಏನೋ ಬೆಲೆ ಇರಬಹುದು. ಕೋಡಿಬಾಗದಲ್ಲಿ ಇಲ್ಲ. ಬೆಲೆ ಮಾತ್ರ ಎರಡೂ ಕಡೆ ಒಂದೇ ಕೊಡುತ್ತೇವೆ.

ನಾನು ವಕೀಲೆ ಅಲ್ಲ. ಒಂದು ಸಹಕಾರಿ ಸಂಘದಲ್ಲಿ ಲೆಕ್ಕ ಬರೆಯುತ್ತೇನೆ. ಆದರೆ ಆ 7ನೇ ಸಾಲು ನನಗೆ ನಿದ್ದೆ ಕೊಡಲಿಲ್ಲ. ಕಾನೂನು ನಿಜವಾಗಿ ಏನು ಹೇಳುತ್ತದೆ ಅಂತ ಕೂತು ಓದಿದೆ. 1930ರ ಸರಕು ಮಾರಾಟ ಕಾಯ್ದೆ ದೊಡ್ಡದೇನಲ್ಲ, 66 ಕಲಮು. ಬ್ರಿಟಿಷರ ಕಾಲದ್ದು, ಅವರ 1893ರ ಕಾಯ್ದೆಯ ಅಚ್ಚಿನಲ್ಲಿ ಮಾಡಿದ್ದು. ಇಂದಿಗೂ ಅಂಗಡಿಯ ಪ್ರತಿಯೊಂದು ವ್ಯಾಪಾರ ನಿಂತಿರುವುದು ಅದರ ಮೇಲೆ.

ಮೊದಲು ಹಳೇ ಕಾಲದ ರೀತಿ ಹೇಳುತ್ತೇನೆ. ಆಗಿನ ನಿಯಮ ಒಂದೇ: ಕೊಳ್ಳುವವನೇ ಕಣ್ಣು ಬಿಟ್ಟು ಕೊಳ್ಳಬೇಕು. 1603ರಲ್ಲಿ ಇಂಗ್ಲೆಂಡಿನ ಕೋರ್ಟಿಗೆ ಒಂದು ಕೇಸು ಬಂದಿತ್ತು. ಒಬ್ಬ ಅಕ್ಕಸಾಲಿ ಒಂದು ಕಲ್ಲನ್ನು ಬೆಜೋವರ್ ಅಂತ ಹೇಳಿ 100 ಪೌಂಡಿಗೆ ಮಾರಿದ್ದ. ಬೆಜೋವರ್ ಅಂದರೆ ನಮ್ಮ ಗೋರೋಚನದ ಹಾಗೆ ಪ್ರಾಣಿಯ ಹೊಟ್ಟೆಯಲ್ಲಿ ಸಿಗುವ ಕಲ್ಲು, ವಿಷ ಇಳಿಸುತ್ತದೆ ಅಂತ ನಂಬಿಕೆ. ಆ ಕಲ್ಲು ಬೆಜೋವರ್ ಆಗಿರಲಿಲ್ಲ. ಕೋರ್ಟು ಹೇಳಿದ್ದೇನು ಅಂದರೆ, ಅವನು ಬೆಜೋವರ್ ಅಂತ ಹೇಳಿದ್ದು ನಿಜ, ಆದರೆ ಬೆಜೋವರ್ ಅಂತ ವಾರಂಟಿ ಕೊಡಲಿಲ್ಲವಲ್ಲ. ಕೊಂಡವನಿಗೆ ಏನೂ ಸಿಗಲಿಲ್ಲ. ನಾಲ್ಕು ನೂರು ವರ್ಷದ ಹಿಂದಿನ ಮಾತು ಇದು. ಆದರೂ ಓದುವಾಗ "ಹತ್ತು ವರ್ಷ ಚಿಂತೆ ಇಲ್ಲ" ಅಂದ ಮುಖವೇ ನನ್ನ ಕಣ್ಣ ಮುಂದೆ ಬಂತು.

ನಮ್ಮ 1930ರ ಕಾಯ್ದೆ ಅಲ್ಲಿಂದ ಬಹಳ ಮುಂದೆ ಬಂದಿದೆ. 16ನೇ ಕಲಮು ನೋಡಿ. ಕೊಳ್ಳುವವರು ತಮಗೆ ಯಾವ ಕೆಲಸಕ್ಕೆ ಬೇಕು ಅಂತ ಹೇಳಿ, ಮಾರುವವರ ತಿಳಿವಳಿಕೆಯನ್ನು ನಂಬಿ ಕೊಂಡರೆ, ಆ ವಸ್ತು ಆ ಕೆಲಸಕ್ಕೆ ತಕ್ಕ ಮಟ್ಟಿಗೆ ಒದಗಲೇಬೇಕು. ಬಾಯಲ್ಲಿ ಹೇಳದಿದ್ದರೂ, ಬರೆದು ಕೊಡದಿದ್ದರೂ, ಈ ಷರತ್ತನ್ನು ಕಾನೂನೇ ವ್ಯಾಪಾರದೊಳಗೆ ಸೇರಿಸುತ್ತದೆ. ನಾನು ಅಂಗಡಿಯಲ್ಲಿ ಉಪ್ಪು ಗಾಳಿ ಅಂತ ಹೇಳಿದ್ದು ಸುಮ್ನೆ ಮಾತಾಗಿರಲಿಲ್ಲ, ಕಾನೂನಿನ ಲೆಕ್ಕದಲ್ಲಿ ಅದಕ್ಕೆ ತೂಕ ಇತ್ತು ಅಂತ ಗೊತ್ತಾದದ್ದು ಆಗಲೇ. ಇದರಲ್ಲಿ ಒಂದು ಎಚ್ಚರಿಕೆ ಇದೆ, ಓದುವವರು ಗಮನಿಸಬೇಕು. ನೀವೇ ಹೋಗಿ "ಇಂಥ ಕಂಪನಿಯ ಇಂಥ ಮಾಡೆಲ್ಲೇ ಕೊಡಿ" ಅಂತ ಬ್ರಾಂಡ್ ಹೆಸರು ಹಿಡಿದು ಕೇಳಿದರೆ ಈ ರಕ್ಷಣೆ ಸಿಗುವುದಿಲ್ಲ. ಯಾಕೆಂದರೆ ಆಗ ನೀವು ಅಂಗಡಿಯವರನ್ನು ನಂಬಲಿಲ್ಲ, ಹೆಸರನ್ನು ನಂಬಿದಿರಿ. ಅದಕ್ಕೇ ಮೊದಲು ನಿಮ್ಮ ಮನೆ ಎಲ್ಲಿ, ಏನು ತೊಂದರೆ ಅಂತ ಹೇಳಿ. ಆಮೇಲೆ ಅವರು ಆರಿಸಲಿ.

ಇನ್ನೊಂದು ಮಾತು. ನಾವು ಗ್ಯಾರಂಟಿ, ವಾರಂಟಿ ಅಂತ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತೇವೆ. ಕಾಯ್ದೆಯ 12ನೇ ಕಲಮಿನಲ್ಲಿ ಬೇರೆಯೇ ಒಂದು ಜೋಡಿ ಇದೆ: ಷರತ್ತು ಮತ್ತು ವಾರಂಟಿ. ಷರತ್ತು ಅಂದರೆ ವ್ಯಾಪಾರದ ಬುಡ. ಅದು ಮುರಿದರೆ ವಸ್ತು ವಾಪಸ್ ಕೊಟ್ಟು ದುಡ್ಡು ಕೇಳಬಹುದು. ವಾರಂಟಿ ಅಂದರೆ ಪಕ್ಕದ ಭರವಸೆ. ಅದು ಮುರಿದರೆ ನಷ್ಟ ಮಾತ್ರ ಕೇಳಬಹುದು, ವಸ್ತು ನಿಮ್ಮ ಹತ್ತಿರವೇ ಉಳಿಯುತ್ತದೆ. ನೀವು ವಸ್ತುವನ್ನು ಒಪ್ಪಿಕೊಂಡು ಸುಮ್ಮನೆ ಇಟ್ಟುಕೊಂಡರೆ, ಮೊದಲು ಷರತ್ತಾಗಿದ್ದದ್ದೂ ಸಾಮಾನ್ಯವಾಗಿ ವಾರಂಟಿಯ ಮಟ್ಟಕ್ಕೆ ಇಳಿಯುತ್ತದೆ. ಟೆಂಪೋದವನು ಪೆಟ್ಟಿಗೆ ಇಳಿಸುವ ಮೊದಲೇ "ಮಾಲು ಸರಿಯಾಗಿ ತಲುಪಿದೆ, ಸೈನ್ ಹಾಕಿ" ಅಂತಾನಲ್ಲ, ಅಲ್ಲಿ ಕೈ ತಡೆಯಿರಿ. ಬಿಚ್ಚಿ ನೋಡಿ. ನೋಡುವ ಅವಕಾಶ ಕೇಳುವುದು ಕೊಳ್ಳುವವರ ಹಕ್ಕು, 41ನೇ ಕಲಮಿನಲ್ಲೇ ಇದೆ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ.

ಕಾನೂನು ಕೊಟ್ಟ ಈ ಭರವಸೆಗಳನ್ನು ಕಾನೂನೇ ಒಂದು ಬಾಗಿಲು ತೆರೆದು ಹೊರಗೆ ಬಿಡುತ್ತದೆ. ಅದು 62ನೇ ಕಲಮು. ಮಾರುವವರೂ ಕೊಳ್ಳುವವರೂ ಬಾಯಿಬಿಟ್ಟು ಒಪ್ಪಿಕೊಂಡರೆ, ಅಥವಾ ಅವರಿಬ್ಬರ ನಡುವೆ ಮೊದಲಿಂದ ಹಾಗೇ ವ್ಯವಹಾರ ನಡೆದುಬಂದಿದ್ದರೆ, ಅಥವಾ ಇಬ್ಬರನ್ನೂ ಕಟ್ಟಿಹಾಕುವಂಥ ರೂಢಿ ಇದ್ದರೆ, ಈ ಭರವಸೆಗಳನ್ನು ತೆಗೆದುಹಾಕಬಹುದು. ಕಂಪನಿಗಳು ಕಾರ್ಡಿನಲ್ಲಿ "ಜವಾಬ್ದಾರಿ ಅಲ್ಲ" ಅಂತ ಬರೆಯುವ ಧೈರ್ಯ ಬರುವುದು ಇಲ್ಲಿಂದ.

ಆದರೆ ಒಪ್ಪಿಕೊಂಡರೆ ಅಂತ ಇದೆ ನೋಡಿ. ನಾನು ಯಾವಾಗ ಒಪ್ಪಿಕೊಂಡೆ? ದುಡ್ಡು ಎಣಿಸಿದ್ದು ಅಂಗಡಿಯ ಕೌಂಟರಿನಲ್ಲಿ. ಬಿಲ್ ಆದದ್ದು ಅಲ್ಲೇ. ವ್ಯಾಪಾರ ಅಲ್ಲಿಗೆ ಮುಗಿಯಿತು. ಷರತ್ತಿನ ಕಾಗದ ಆಗ ಎಲ್ಲಿತ್ತು? ಟೇಪು ಸುತ್ತಿದ ಪೆಟ್ಟಿಗೆಯೊಳಗೆ, ಥರ್ಮೋಕೋಲಿನ ಕೆಳಗೆ, ಪ್ಲಾಸ್ಟಿಕ್ ಚೀಲದಲ್ಲಿ. ಪೆಟ್ಟಿಗೆ ಇದ್ದದ್ದು ಗೋದಾಮಿನಲ್ಲಿ. ನಾನೂ ಓದಿರಲಿಲ್ಲ. ಅಂಗಡಿಯವರೂ ಓದಿರಲಿಲ್ಲ, ಅದನ್ನು ಅವರೇ ಆಮೇಲೆ ಒಪ್ಪಿಕೊಂಡರು. ಓದದ ಇಬ್ಬರು ಸೇರಿ ಒಪ್ಪಂದ ಮಾಡಿಕೊಂಡರು ಅಂದರೆ ಹೇಗೆ?

ಇದು ನನ್ನ ಹೊಸ ತಕರಾರಲ್ಲ. 1949ರಲ್ಲಿ ಇಂಗ್ಲೆಂಡಿನ ಮೇಲ್ಮನವಿ ಕೋರ್ಟು ಒಂದು ಹೋಟೆಲಿನ ಕೇಸಿನಲ್ಲಿ ಇದನ್ನೇ ಹೇಳಿದೆ. ಆಲಿ ಎಂಬ ಮಹಿಳೆ ಹೋಟೆಲಿನ ಮುಂಗಟ್ಟೆಯಲ್ಲಿ ದುಡ್ಡು ಕಟ್ಟಿ ಕೋಣೆ ಹಿಡಿದರು. ಮುಂದೆ ಅವರ ಬೆಲೆಬಾಳುವ ಉಡುಪು ಕಳುವಾಯಿತು. ಕಳುವಾದರೆ ಜವಾಬ್ದಾರಿ ಅಲ್ಲ ಅನ್ನುವ ಫಲಕ ಕೋಣೆಯೊಳಗೆ ಇದೆ ಅಂತ ಹೋಟೆಲಿನವರು ವಾದಿಸಿದರು. ಕೋರ್ಟು ಒಪ್ಪಲಿಲ್ಲ. ಒಪ್ಪಂದ ಆದದ್ದು ಮುಂಗಟ್ಟೆಯಲ್ಲಿ, ಫಲಕ ಕಂಡದ್ದು ಆಮೇಲೆ, ಹಾಗಾಗಿ ಫಲಕ ಒಪ್ಪಂದದ ಭಾಗ ಆಗುವುದಿಲ್ಲ ಅಂದಿತು. ಕೋಣೆಯ ಜಾಗದಲ್ಲಿ ಪೆಟ್ಟಿಗೆ ಅಂತ ಓದಿಕೊಳ್ಳಿ, ನನ್ನ ಕಥೆಯೇ ಆಗುತ್ತದೆ.

ನಾನು ಈ ಪತ್ರವನ್ನು ಬಹಿರಂಗವಾಗಿ ಬರೆಯುತ್ತಿರುವುದಕ್ಕೆ 62ನೇ ಕಲಮಿನ ಆ ಕೊನೇ ಪದವೇ ಕಾರಣ: ರೂಢಿ. ಅಂಗಡಿಯವರಲ್ಲಿ ಕೇಳಿದರೆ "ಎಲ್ಲಾ ಕಡೆ ಹೀಗೇ ಅಕ್ಕಾ" ಅಂತಾರೆ. ನಾವೆಲ್ಲ ಸುಮ್ಮನಿದ್ದರೆ ನಾಳೆ ಇದನ್ನೇ ರೂಢಿ ಅಂತ ನಮ್ಮ ಮುಂದೆ ಹಿಡಿಯಬಹುದು. ಇದು ನಮ್ಮ ರೂಢಿ ಅಲ್ಲ, ನಾವು ಒಪ್ಪಿಲ್ಲ ಅಂತ ಎಲ್ಲಾದರೂ ಬರೆದಿರಬೇಕು, ಅಲ್ವಾ?

ಬೇರೆ ದೇಶಗಳು ಈ ಬಾಗಿಲನ್ನು ಯಾವತ್ತೋ ಮುಚ್ಚಿವೆ. ಗ್ರಾಹಕರ ವಿಷಯದಲ್ಲಿ ಬ್ರಿಟನ್ 1970ರ ದಶಕದಲ್ಲೇ ಮುಚ್ಚಿತು. ಅಮೆರಿಕದ 1975ರ ಕಾಯ್ದೆಯ ಪ್ರಕಾರ, ಗ್ರಾಹಕರಿಗೆ ಬರಹದಲ್ಲಿ ವಾರಂಟಿ ಕೊಡುವ ಕಂಪನಿ ಕಾನೂನು ತಾನಾಗಿ ಕೊಡುವ ಭರವಸೆಯನ್ನು ಅದರ ಜೊತೆಗೇ ಪೂರ್ತಿ ಅಳಿಸುವಂತಿಲ್ಲ. ನಮ್ಮ 62ನೇ ಕಲಮು ಇನ್ನೂ ಹಾಗೇ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನ್ಯಾಯದ ಒಪ್ಪಂದವನ್ನು ಪ್ರಶ್ನಿಸುವ ದಾರಿ ತೆರೆದಿದೆ, ಇದು ದೊಡ್ಡ ವಿಷಯವೇ. ಆದರೆ ಒಪ್ಪಂದದ ಸಾಲು ಅನ್ಯಾಯದ್ದು, ಅದನ್ನು ರದ್ದು ಮಾಡಿ ಅಂತ ಕೇಳಬೇಕಾದರೆ ಗ್ರಾಹಕರ ದೂರು ಕೇಳುವ ಜಿಲ್ಲಾ ಆಯೋಗ ಸಾಲದು, ಅದರ ಮೇಲಿನ ರಾಜ್ಯ ಆಯೋಗಕ್ಕೆ ಹೋಗಬೇಕು. ಒಂದು ಫ್ರಿಜ್ಜಿನ ಪೈಪಿಗೆ ರಾಜ್ಯ ಆಯೋಗದವರೆಗೆ ಯಾರು ಹೋಗುತ್ತಾರೆ?

ಅದೃಷ್ಟಕ್ಕೆ ಜಿಲ್ಲಾ ಆಯೋಗಕ್ಕೂ ಬೇರೆ ದಾರಿ ಇದೆ. ದೋಷ ಅಂದರೆ ಏನು ಅಂತ ಆ ಕಾಯ್ದೆ ಹೇಳುವಾಗ, ವ್ಯಾಪಾರಿ ಯಾವುದೇ ರೀತಿಯಲ್ಲಿ ಹೇಳಿಕೊಂಡ ಗುಣಮಟ್ಟಕ್ಕೆ ವಸ್ತು ಕಡಿಮೆ ಬಿದ್ದರೆ ಅದೂ ದೋಷ ಅನ್ನುತ್ತದೆ. ಯಾವುದೇ ರೀತಿ ಅಂದರೆ ಕೌಂಟರಿನ ಹಿಂದೆ ನಿಂತು ಬಾಯಲ್ಲಿ ಹೇಳಿದ್ದೂ ಸೇರಿತು. ಆ ಗೋರೋಚನದ ಕೇಸಿನಿಂದ ಇಲ್ಲಿಗೆ ಎಷ್ಟು ದೂರ ಬಂದಿದ್ದೇವೆ ನೋಡಿ.

ಅಂಗಡಿಯವರಿಗೆ ಈಗ ನೇರವಾಗಿ ಒಂದು ಮಾತು. ನಿಮ್ಮ ಬಿಲ್ಲಿನ ಕೆಳಗೆ "ಒಮ್ಮೆ ಮಾರಿದ ಮಾಲನ್ನು ಹಿಂದಕ್ಕೆ ಪಡೆಯುವುದಿಲ್ಲ" ಅಂತ ಅಚ್ಚು ಹಾಕಿಸುತ್ತೀರಿ. ಬಣ್ಣ ಇಷ್ಟ ಆಗಲಿಲ್ಲ, ಮನಸ್ಸು ಬದಲಾಯಿತು ಅಂತ ಬಂದವರಿಗೆ ಆ ಸಾಲು ತೋರಿಸಿ, ನನ್ನ ತಕರಾರಿಲ್ಲ. ಆದರೆ ದೋಷ ಇರುವ ಮಾಲಿಗೆ ಅದು ನಡೆಯುವುದಿಲ್ಲ. ಬಿಲ್ಲಿನಲ್ಲಿ ಬರೆದ ಅವಧಿಯೊಳಗೆ, ಅವಧಿ ಬರೆಯದಿದ್ದರೆ 30 ದಿನದೊಳಗೆ, ದೋಷದ ಮಾಲನ್ನು ವಾಪಸ್ ತೆಗೆದುಕೊಂಡು ದುಡ್ಡು ಕೊಡಲು ಒಲ್ಲೆ ಅಂದರೆ ಅದು ಅನುಚಿತ ವ್ಯಾಪಾರ. ಇದು 2019ರ ಕಾಯ್ದೆಯಲ್ಲೇ ಇದೆ. ನೀವು ನಮ್ಮ ಜೊತೆಗೇ ಬದುಕುವವರು. ನಿಮ್ಮ ಅಂಗಡಿಯ ಶಟರಿಗೂ ತುಕ್ಕು ಹಿಡಿಯುತ್ತದೆ. ಕಂಪನಿಯ ಏಜೆಂಟ್ ಬಂದಾಗ "ನಮ್ಮೂರಿಗೆ ಈ ಕಾರ್ಡು ಆಗುವುದಿಲ್ಲ" ಅಂತ ಹೇಳುವ ಶಕ್ತಿ ನಿಮಗಿದೆ. ನಮಗಿಲ್ಲ.

ಫ್ರಿಜ್ಜಿನ ಮಾತು ಸಾಕು. ಇದಕ್ಕಿಂತ ನೋವಿನದು ಬೇರೆ ಇದೆ. ನಮ್ಮ ಕೇರಿಯ ಒಬ್ಬ ಮೀನುಗಾರರು ಸಾಲ ಮಾಡಿ ದೋಣಿಗೆ ಹೊಸ ಇಂಜಿನ್ ತಂದರು. ಒಂದು ವರ್ಷದ ವಾರಂಟಿ. ಜೂನ್, ಜುಲೈ ಎರಡು ತಿಂಗಳು ಮೀನುಗಾರಿಕೆ ನಿಷೇಧ, ಇಂಜಿನ್ ತೆಂಗಿನ ಗರಿಯ ಕೆಳಗೆ ಗೋಣಿ ಹೊದ್ದು ಮಲಗಿತ್ತು. ವಾರಂಟಿಯ ದಿನ ಮಾತ್ರ ಓಡುತ್ತಲೇ ಇತ್ತು. ಮುಂದೆ ಇಂಜಿನ್ ಕೆಟ್ಟಾಗ ಬಂದ ಉತ್ತರ: ನೀವು ಮೀನು ಮಾರುತ್ತೀರಿ, ಇದು ವಾಣಿಜ್ಯ ಬಳಕೆ, ನೀವು ಗ್ರಾಹಕರೇ ಅಲ್ಲ. ಆ ಮನುಷ್ಯ ನಂಬಿ ಮನೆಗೆ ಬಂದುಬಿಟ್ಟರು. ಕಾಯ್ದೆಯಲ್ಲಿ ಹಾಗಿಲ್ಲ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯುವುದಕ್ಕಷ್ಟೇ ಕೊಂಡು ಬಳಸಿದ ವಸ್ತು ವಾಣಿಜ್ಯ ಬಳಕೆ ಆಗುವುದಿಲ್ಲ ಅಂತ ಸ್ಪಷ್ಟವಾಗಿ ಬರೆದಿದೆ. ದೋಣಿಯವರು, ಟೈಲರಿಂಗ್ ಮೆಷಿನ್ ಇಟ್ಟವರು, ಒಂದೇ ರಿಕ್ಷಾ ಓಡಿಸುವವರು, ದಯವಿಟ್ಟು ಇದನ್ನು ನೆನಪಿಟ್ಟುಕೊಳ್ಳಿ. "ನೀವು ಗ್ರಾಹಕರಲ್ಲ" ಅಂದ ಕೂಡಲೇ ಹಿಂದೆ ತಿರುಗಬೇಡಿ.

ಘಟ್ಟದ ಮೇಲೂ ಇದೇ ಕಥೆ. ತವರಿನಲ್ಲಿ ಅಣ್ಣ ಮಳೆಗಾಲಕ್ಕೆ ಮುಂಚೆ ಅಡಿಕೆಗೆ ಕೊಳೆ ಔಷಧಿ ಹೊಡೆಸಲು ಮೈಲುತುತ್ತ ತರುತ್ತಾನೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಸುಣ್ಣ ಸಾಕಾಯಿತೋ ಇಲ್ಲವೋ ನೋಡಲು ಅಪ್ಪ ಕತ್ತಿಯ ಅಲಗು ಅದ್ದುತ್ತಿದ್ದರು. ಅಲಗಿನ ಮೇಲೆ ಕೆಂಪು ಕೂತರೆ ಇನ್ನಷ್ಟು ಸುಣ್ಣ. ಆದರೆ ಮೈಲುತುತ್ತ ಎಷ್ಟು ಶುದ್ಧ ಅಂತ ಕತ್ತಿ ಹೇಳುವುದಿಲ್ಲ. ಚೀಲ ಬಿಚ್ಚಿ ನೋಡಿದರೂ ಕಾಣುವುದು ನೀಲಿ ಹರಳು ಮಾತ್ರ. ಕೊಳೆ ಬಂದು ಎಳೆ ಅಡಿಕೆ ಉದುರಿ ತೋಟದ ತುಂಬ ಹಾಸಿದ ಮೇಲೆ ಗೊತ್ತಾಗುತ್ತದೆ, ಆಗ ಕೇಳಿದರೆ ಬಿಲ್ಲಿನಲ್ಲಿ "ಬಳಕೆಯ ಪರಿಣಾಮಕ್ಕೆ ಅಂಗಡಿ ಹೊಣೆ ಅಲ್ಲ" ಅಂತ ಇರುತ್ತದೆ. ಕಣ್ಣಿಗೆ ಕಾಣುವ ದೋಷವನ್ನು ಕೊಳ್ಳುವಾಗ ನೋಡಿಕೊಳ್ಳಬೇಕು ಅಂತ ಕಾನೂನು ಹೇಳುತ್ತದೆ, ಒಪ್ಪೋಣ. ಕಣ್ಣಿಗೆ ಕಾಣದ ದೋಷವನ್ನು ರೈತರ ತಲೆಗೆ ಅದು ಕಟ್ಟುವುದಿಲ್ಲ. ಮೈಲುತುತ್ತ ಅಂತ ಹೇಳಿ ಮಾರಿದ ಮೇಲೆ ಅದು ಮೈಲುತುತ್ತವೇ ಆಗಿರಬೇಕು. ಬೀಜದ ವಿಷಯದಲ್ಲಿ ಸುಪ್ರೀಂ ಕೋರ್ಟು 2012ರಲ್ಲೇ ದಾರಿ ತೋರಿಸಿದೆ: ಬೀಜ ಕೊಂಡ ರೈತರೂ ಗ್ರಾಹಕರೇ, ಬಿತ್ತಿ ಮುಗಿದ ಮೇಲೆ ಪರೀಕ್ಷೆಗೆ ಬೀಜ ಎತ್ತಿಡಲಿಲ್ಲ ಅನ್ನುವ ಕಾರಣಕ್ಕೆ ಅವರನ್ನು ವಾಪಸ್ ಕಳಿಸುವಂತಿಲ್ಲ ಅಂದಿದೆ.

ಮಾನ್ಯ ಜಿಲ್ಲಾಧಿಕಾರಿಗಳೇ, ಈಗ ನಿಮ್ಮ ಹತ್ತಿರ ಬರುತ್ತೇನೆ. ನಿಮಗೆ ಯಾಕೆ ಬರೆದೆ ಅಂದರೆ 2019ರ ಕಾಯ್ದೆಯ ಪ್ರಕಾರ ಜಿಲ್ಲಾ ಗ್ರಾಹಕ ಸಂರಕ್ಷಣಾ ಪರಿಷತ್ತಿಗೆ ನೀವೇ ಅಧ್ಯಕ್ಷರು. ಅದು ವರ್ಷಕ್ಕೆ ಕನಿಷ್ಠ 2 ಸಲ ಸೇರಬೇಕು. ಇದೇ 2019ರ ಕಾಯ್ದೆಯ 16ನೇ ಕಲಮು ನಿಮಗೆ ಇನ್ನೂ ದೊಡ್ಡ ಕೆಲಸ ಕೊಟ್ಟಿದೆ. ಒಬ್ಬರಿಗಲ್ಲ, ಗ್ರಾಹಕರ ಒಂದು ಇಡೀ ವರ್ಗಕ್ಕೆ ಅನ್ಯಾಯ ಆಗುತ್ತಿದೆ ಅಂತ ದೂರು ಬಂದರೆ ನೀವು ವಿಚಾರಣೆ ಮಾಡಿ ವರದಿ ಕಳಿಸಬಹುದು. ಕಾರವಾರದಿಂದ ಭಟ್ಕಳದವರೆಗೆ ಕರಾವಳಿಯಲ್ಲಿ ಯಂತ್ರ ಕೊಂಡ ಪ್ರತಿಯೊಂದು ಮನೆಯೂ ಆ ವರ್ಗ. ಈ ಪತ್ರವನ್ನೇ ದೂರು ಅಂತ ತೆಗೆದುಕೊಳ್ಳಿ ಅಂತ ಕೈಮುಗಿದು ಕೇಳುತ್ತೇನೆ.

ಪರಿಷತ್ತಿನ ಮುಂದಿನ ಸಭೆಗೆ ಅಂಗಡಿಯವರ ಸಂಘಗಳನ್ನೂ ಕಂಪನಿಗಳ ವಿತರಕರನ್ನೂ ಕರೆಯಿರಿ. ವಾರಂಟಿ ಕಾರ್ಡಿನ ಒಂದು ಪ್ರತಿ ಪೆಟ್ಟಿಗೆಯ ಹೊರಗೆ, ಕೌಂಟರಿನ ಮೇಲೆ, ದುಡ್ಡು ಕೊಡುವ ಮೊದಲೇ ಕೈಗೆ ಸಿಗಬೇಕು. ಯಾವುದಕ್ಕೆ ವಾರಂಟಿ ಇಲ್ಲ ಅನ್ನುವ ಭಾಗ ಕನ್ನಡದಲ್ಲಿ, ಓದುವಷ್ಟು ದೊಡ್ಡ ಅಕ್ಷರದಲ್ಲಿ ಇರಬೇಕು. ಉಪ್ಪು ಗಾಳಿಗೆ ಆಗದ ವಸ್ತುವಿಗೆ "ಕರಾವಳಿಗೆ ತಕ್ಕದ್ದಲ್ಲ" ಅಂತ ಚೀಟಿ ಅಂಟಿಸಲಿ. ಆಗ ಕೊಳ್ಳುವುದೋ ಬಿಡುವುದೋ ನಾವು ನೋಡಿಕೊಳ್ಳುತ್ತೇವೆ. ಇಷ್ಟಕ್ಕೆ ಹೊಸ ಕಾನೂನು ಬೇಕಿಲ್ಲ.

ಇನ್ನೊಂದು ಬೇಡಿಕೆ ಘಟ್ಟದ ಮೇಲಿನವರ ಪರವಾಗಿ. ಗ್ರಾಹಕ ಆಯೋಗ ಇರುವುದು ಕಾರವಾರದಲ್ಲಿ. ಶಿರಸಿಯ ಹಳ್ಳಿಯಿಂದ ಘಟ್ಟ ಇಳಿದು ಬಂದು ಹೋದರೆ ಒಂದು ದಿನದ ಕೂಲಿ ಹೋಯಿತು. ದೂರು ಆನ್‌ಲೈನಿನಲ್ಲಿ ಕೊಡಬಹುದು, ವಿಡಿಯೋದಲ್ಲಿ ಹಾಜರಾಗಲು ಅನುಮತಿ ಕೇಳಬಹುದು, 5 ಲಕ್ಷದವರೆಗಿನ ದೂರಿಗೆ ಶುಲ್ಕವೇ ಇಲ್ಲ, ವಕೀಲರು ಬೇಕೇಬೇಕು ಅಂತಿಲ್ಲ. ಎರಡು ವರ್ಷದೊಳಗೆ ಕೊಡಬೇಕು ಅಷ್ಟೇ. ಇದು ಎಷ್ಟು ಜನಕ್ಕೆ ಗೊತ್ತಿದೆ? 1915 ಅನ್ನುವ ಸಹಾಯವಾಣಿ ನಂಬರನ್ನು ಪ್ರತಿ ಪಂಚಾಯಿತಿಯ ಗೋಡೆಯ ಮೇಲೆ ಬರೆಸಿ. ತಾಲೂಕು ಕಚೇರಿಯಲ್ಲಿ ದೂರು ಟೈಪ್ ಮಾಡಿ ಕಳಿಸಲು ಯಾರಾದರೂ ಒಬ್ಬರು ವಾರಕ್ಕೊಂದು ದಿನ ಕೂರಲಿ. ನನಗೆ ರಜೆ ಇರುವ ದಿನ ನಾನೂ ಬಂದು ಕೂರುತ್ತೇನೆ, ಕಾರವಾರದಲ್ಲಾದರೆ.

ನನ್ನ ದೂರು ಬರೆದು ಮುಗಿಸಿದ್ದೇನೆ, ಎರಡು ವರ್ಷಕ್ಕೆ ಇನ್ನೂ ಸಮಯ ಇದೆ. ಪೈಪಿನ ತುಂಡನ್ನು ರಿಪೇರಿಯ ಹುಡುಗನಿಂದ ಕೇಳಿ ತೆಗೆದುಕೊಂಡು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಇಟ್ಟಿದ್ದೇನೆ. ನಿಮ್ಮ ಕಚೇರಿಗೆ ಕೊಡುವ ಪ್ರತಿಯ ಜೊತೆ ಬಿಲ್ಲಿನ ಜೆರಾಕ್ಸ್ ಮತ್ತು ವಾರಂಟಿ ಕಾರ್ಡಿನ ಜೆರಾಕ್ಸ್ ಇಟ್ಟಿದ್ದೇನೆ. ಕಾರ್ಡನ್ನು ದೊಡ್ಡದು ಮಾಡಿಸಿದ್ದೇನೆ, ಇಲ್ಲದಿದ್ದರೆ ಓದಲು ಬರುವುದಿಲ್ಲ. 7ನೇ ಸಾಲಿನ ಕೆಳಗೆ ಪೆನ್ಸಿಲ್ ಗೆರೆ ಇದೆ.

ಇಂತಿ ನಿಮ್ಮ,
ಕೋಡಿಬಾಗದ ಒಬ್ಬ ಗ್ರಾಹಕಿ
ಕಾರವಾರ